ವರ್ಷದಿಂದ ಉಡದ ರೇಷ್ಮೆ ಸೀರೆ: ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ?

ಓದುಗರ ಪ್ರಶ್ನೆ: ಬೀರು ಬಾಗಿಲು ತೆಗೆದರೆ ಸೀರೆಗಳು ಮೈಮೇಲೆ ಬೀಳುತ್ತವೆ. ಒಂದು ವರ್ಷ ಮುಟ್ಟದ ಬಟ್ಟೆ ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ರೇಷ್ಮೆ ಸೀರೆಗೂ ಇದೇ ಲೆಕ್ಕಾನಾ?

ಉತ್ತರ: ಚೂಡಿದಾರ್, ಕುರ್ತಾ, ಜೀನ್ಸ್‌ಗೆ ಆ ಲೆಕ್ಕ ಸರಿ. ರೇಷ್ಮೆ ಸೀರೆಗೆ ನಡೆಯಲ್ಲ. ಅದು ಹೊರಗೆ ಬರುವುದೇ ಮದುವೆ, ಗೃಹಪ್ರವೇಶ, ಗೌರಿ ಹಬ್ಬಕ್ಕೆ. ಹತ್ತು ಸೀರೆ ಇದ್ದರೆ ಒಂದೊಂದರ ಸರದಿ ಬರಲು ಎರಡು ಮೂರು ವರ್ಷ ಬೇಕು. ‘ಇಷ್ಟ ಇದೆಯಾ’ ಅಂತ ಕೇಳಿಕೊಂಡರೂ ಕೆಲಸ ಸಾಗಲ್ಲ. ಇಷ್ಟಪಟ್ಟೇ ತಾನೇ ತೆಗೆದುಕೊಂಡಿದ್ದು? ಹೀಗೆ ಕೇಳಿಕೊಳ್ಳಿ: ನಾಳೆ ಬೆಳಗ್ಗೆ ಏಳಕ್ಕೆ ಮುಹೂರ್ತ ಇದ್ದರೆ ಈ ಸೀರೆ ಉಟ್ಟು ಹೊರಡಬಹುದಾ?

ಈ ಪ್ರಶ್ನೆ ಕೇಳಿದ ಕೂಡಲೇ ನಿಜವಾದ ತೊಂದರೆ ಹೊರಗೆ ಬರುತ್ತದೆ. ಹೆಚ್ಚಿನ ಸೀರೆ ಮೂಲೆ ಸೇರಿರುವುದು ಬ್ಲೌಸ್‌ನಿಂದ. ಸೀರೆ ಯಾರಿಗಾದರೂ ಆಗುತ್ತದೆ, ಹೆರಿಗೆಗೆ ಮುಂಚೆ ಹೊಲಿಸಿದ ಬ್ಲೌಸ್ ಆಗಲ್ಲ. ಹಾಗಾಗಿ ಸೀರೆಗಳನ್ನಷ್ಟೇ ಹರಡಿಕೊಂಡು ಕೂರಬೇಡಿ. ಪ್ರತಿ ಸೀರೆಯ ಮೇಲೆ ಅದರ ಬ್ಲೌಸ್ ಇಟ್ಟು, ಒಂದೊಂದನ್ನೇ ಹಾಕಿ ನೋಡಿ. ಬಿಗಿಯಾದರೆ ತಿರುಗಿಸಿ ಒಳಗಿನ ಹೊಲಿಗೆ ನೋಡಿ. ಒಳ್ಳೆಯ ಟೈಲರ್ ಪಕ್ಕಗಳಲ್ಲಿ ಒಂದಿಷ್ಟು ಮಾರ್ಜಿನ್ ಬಿಟ್ಟಿರುತ್ತಾರೆ, ಒಂದು ಸಾಲು ಬಿಚ್ಚಿದರೆ ಸಾಕು. ಕಂಕುಳಲ್ಲಿ ಬಟ್ಟೆ ಬಣ್ಣಗೆಟ್ಟು ಗಡುಸಾಗಿದ್ದರೆ ಅದನ್ನು ಬಿಟ್ಟುಬಿಡಿ. ಬೆವರು ಕುಡಿದ ರೇಷ್ಮೆಗೆ ಶಕ್ತಿ ಇರಲ್ಲ, ಬಿಚ್ಚಿ ಹೊಲಿದರೆ ಅಲ್ಲೇ ಹರಿಯುತ್ತದೆ. ಹಾಗಂತ ಸೀರೆ ಕೊಡಬೇಕಿಲ್ಲ. ಈಗ ಕಾಂಟ್ರಾಸ್ಟ್ ಬ್ಲೌಸ್ ಎಲ್ಲರೂ ಹಾಕುತ್ತಾರೆ. ಮೈಗೆ ಸರಿಯಾದ ಒಂದು ಮರೂನ್, ಒಂದು ಹಸಿರು, ಒಂದು ಚಿನ್ನದ ಬಣ್ಣದ್ದು ಹೊಲಿಸಿಕೊಂಡರೆ ಅರ್ಧ ಬೀರು ಮತ್ತೆ ಚಾಲ್ತಿಗೆ ಬರುತ್ತದೆ. ಹೊಸ ಸೀರೆಯ ದುಡ್ಡಿಗಿಂತ ಇದು ಎಷ್ಟೋ ಕಡಿಮೆ, ಅಲ್ವಾ?

ಆಮೇಲೆ ಮಡಿಕೆ ನೋಡಿ. ಹಗಲು ಹೊತ್ತಿನಲ್ಲಿ, ಕಿಟಕಿ ಹತ್ತಿರ. ಸೀರೆ ಬಿಚ್ಚಿ ಮಡಿಕೆಯ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಯಿಂದ ಗೀರಿದ ಹಾಗೆ ಸಣ್ಣ ಸೀಳು ಕಾಣುತ್ತಿದೆಯಾ? ಗೆರೆಯ ಎರಡೂ ಪಕ್ಕ ಹಿಡಿದು ಮೆಲ್ಲಗೆ ಎಳೆಯಿರಿ. ಸೀಳು ದೊಡ್ಡದಾದರೆ ಆ ಸೀರೆಯ ಉಡುವ ಕಾಲ ಮುಗಿಯಿತು. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟರೆ ಆಗುವುದೇ ಇದು. ಇಂಥ ಸೀರೆಯಲ್ಲಿ ಮಗುವಿಗೆ ಉದ್ದ ಲಂಗ ಹೊಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಡಲು ಪಿಸಿದ ರೇಷ್ಮೆ ಲಂಗವಾದರೂ ಪಿಸಿಯುತ್ತದೆ, ಅದೂ ಮಂಟಪದಲ್ಲಿ ಮಗು ಓಡಾಡುವಾಗ. ಅಂಚು ಗಟ್ಟಿಯಿದ್ದರೆ ಅದನ್ನಷ್ಟೇ ಕತ್ತರಿಸಿ ಬೇರೆ ಸಾದಾ ಬಟ್ಟೆಗೆ ಹಚ್ಚಿಸಿ.

ಜರಿ ಇದೆಯಲ್ಲ, ಮಾರಿದರೆ ದುಡ್ಡು ಬರುತ್ತದೆ ಅಂತೀರಾ? ಹೌದು, ‘ಹಳೇ ಜರಿ ಸೀರೆ ಕೊಳ್ಳುತ್ತೇವೆ’ ಅನ್ನುವ ಅಂಗಡಿಗಳಿವೆ. ಅವರಿಗೆ ಬೇಕಿರುವುದು ಬೆಳ್ಳಿ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಮೈಸೂರು ಸಿಲ್ಕ್ ನೇಯುವ ಕೆಎಸ್‌ಐಸಿ ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ ಅನ್ನುತ್ತದೆ. ಎಲ್ಲ ಸೀರೆಯೂ ಹೀಗಿರಲ್ಲ. ‘ಟೆಸ್ಟೆಡ್’ ಜರಿಯಲ್ಲಿ ಇರುವುದು ತಾಮ್ರ. ಇನ್ನೂ ಅಗ್ಗದ್ದು ಬರೀ ಪಾಲಿಯೆಸ್ಟರ್ ಮಿಂಚು, ಅದಕ್ಕೆ ಅಂಗಡಿಯಲ್ಲಿ ಏನೂ ಹುಟ್ಟಲ್ಲ. ಅಂಗಡಿಯವರು ಕೊಡುವುದು ಒಳಗಿರುವ ಬೆಳ್ಳಿಯ ಬೆಲೆ, ನೀವು ಕೊಟ್ಟ ಸೀರೆಯ ಬೆಲೆ ಅಲ್ಲ. ಹರಿದ ಸೀರೆಗೆ ಮಾತ್ರ ಈ ದಾರಿ. ಜರಿ ಕಪ್ಪಾಗಿದೆ ಅಂತ ಗಟ್ಟಿ ಸೀರೆ ಮಾರಬೇಡಿ. ಕಪ್ಪಾಗುವುದು ಬೆಳ್ಳಿಯ ಗುಣ.

ಧಾರೆ ಸೀರೆಯನ್ನು ಈ ಯಾವ ಪರೀಕ್ಷೆಗೂ ಒಡ್ಡಬೇಡಿ. ಅಮ್ಮ, ಅಜ್ಜಿ ಉಟ್ಟದ್ದರಲ್ಲಿ ಒಂದೋ ಎರಡೋ ಹಾಗೇ ಇರಲಿ. ಅಜ್ಜಿಯ ಎಲ್ಲ ಸೀರೆಯನ್ನೂ ಒಬ್ಬರೇ ಕೂಡಿಡುವುದು ಮಾತ್ರ ನನಗೆ ಸರಿ ಕಾಣಲ್ಲ. ಅಕ್ಕ ತಂಗಿಯರು, ಸೊಸೆಯಂದಿರು ಹಂಚಿಕೊಂಡರೆ ನಾಲ್ಕು ಮನೆಯಲ್ಲಿ ಉಡುತ್ತಾರೆ.

ಹತ್ತಿ ಸೀರೆ, ಹತ್ತಿ ಒಡಲಿನ ಇಳಕಲ್ ಇದ್ದರೆ ಮದುವೆಗೆ ಕಾಯಬೇಡಿ, ಈ ವಾರವೇ ಉಡಿ. ತೊಳೆದಷ್ಟೂ ಮೆತ್ತಗಾಗುವ ಬಟ್ಟೆ ಅದು. ಉಟ್ಟು ಸವೆದ ಮೇಲೆ ಉತ್ತರ ಕರ್ನಾಟಕದಲ್ಲಿ ಮಾಡುವಂತೆ ಕೌದಿ ಹೊಲಿಸಬಹುದು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರೆ ಸಿಂಥೆಟಿಕ್ ಸೀರೆಗಳು ಅವರಿಗೆ ಹೋಗಲಿ. ಯಾರಿಗಾದರೂ ಕೊಡುವುದಿದ್ದರೆ ಗಟ್ಟಿಯಿರುವಾಗಲೇ, ಒಗೆದು ಇಸ್ತ್ರಿ ಮಾಡಿ, ಫಾಲ್ ಬಿಚ್ಚಿದ್ದರೆ ಹಚ್ಚಿಸಿ ಕೊಡಿ.

ಉಳಿದ ರೇಷ್ಮೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿ ಗುಳಿಗೆ ಜರಿಗೆ ತಾಗದಿರಲಿ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಕೂಡಲೇ ಎಲ್ಲವನ್ನೂ ನೆರಳಲ್ಲಿ ಗಾಳಿಗೆ ಹಾಕಬೇಕು.

ಕೊನೆಗೆ ಉಳಿಯುವುದು ಅರಿಶಿನ ಕುಂಕುಮಕ್ಕೆ, ನಾಮಕರಣಕ್ಕೆ ಬಂದು ಮಡಿಕೆಯೂ ಬಿಚ್ಚದ ಸೀರೆಗಳು, ರಾಶಿ ಬ್ಲೌಸ್ ಪೀಸ್‌ಗಳು. ಉಡಲ್ಲ ಅಂತ ಗೊತ್ತಿದ್ದರೆ ಸಂಕೋಚ ಬೇಡ, ಮುಂದಿನ ಸಮಾರಂಭಕ್ಕೆ ದಾಟಿಸಿ. ಆದರೆ ಒಂದೊಂದಕ್ಕೂ ಯಾರು ಕೊಟ್ಟದ್ದು ಅಂತ ಚೀಟಿ ಸಿಕ್ಕಿಸಿಡಿ. ಕೊಡುವ ಮುಂಚೆ ಆ ಚೀಟಿ ತೆಗೆಯುವುದನ್ನೂ ಮರೆಯಬೇಡಿ.