ಎಲ್ಲವೂ ಎರಡನೇ ಡಿಗ್ರಿ ಸಮೀಕರಣಗಳೇ, ಆದರೂ ಕಂಪ್ಯೂಟರ್ ಯಾಕೆ ಒದ್ದಾಡುತ್ತದೆ?

ಪ್ರಶ್ನೆ: ನೂರು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತದೆ. ವರ್ಗ ಸಮೀಕರಣಗಳಾದರೆ ಮೂವತ್ತಕ್ಕೇ ಸುಸ್ತಾಗುತ್ತದೆ. ಯಾಕೆ?

ಉತ್ತರ: ಒಂದು ಸಣ್ಣ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ಅ² + ಬ² = 5, ಅ × ಬ = 2. ಎರಡನೆಯದರಿಂದ ಬ = 2/ಅ. ಇದನ್ನು ಮೊದಲನೆಯದರಲ್ಲಿ ಹಾಕಿ ಛೇದ ತೆಗೆದರೆ ಅ⁴ − 5ಅ² + 4 = 0. ಬ ಏನೋ ಹೋಯಿತು, ಆದರೆ ಡಿಗ್ರಿ (ಸಮೀಕರಣದ ಅತಿ ದೊಡ್ಡ ಘಾತ) 2 ಇದ್ದದ್ದು 4 ಆಯಿತು. ಅ ಬೆಲೆಯೂ ನಾಲ್ಕು ಬಗೆ: 1, 2, −1, −2.

ರೇಖಾತ್ಮಕ ಸಮೀಕರಣದಲ್ಲಿ ಹೀಗಾಗುವುದಿಲ್ಲ. ಎಷ್ಟು ಚರಾಕ್ಷರ ತೆಗೆದರೂ ಡಿಗ್ರಿ 1 ಆಗಿಯೇ ಉಳಿಯುತ್ತದೆ. ಅದಕ್ಕೇ ಗೌಸ್ ವಿಧಾನದಲ್ಲಿ ನೂರು ಚರಾಕ್ಷರಕ್ಕೆ ಹತ್ತು ಲಕ್ಷಕ್ಕಿಂತ ಕಡಿಮೆ ಗುಣಾಕಾರ ಸಾಕು. ಎರಡನೇ ಡಿಗ್ರಿಯಲ್ಲಾದರೆ ಸೇರಿಸಿದ ಪ್ರತಿ ಚರಾಕ್ಷರ, ಪ್ರತಿ ಸಮೀಕರಣಕ್ಕೂ ಉತ್ತರಗಳು ದುಪ್ಪಟ್ಟಾಗಬಹುದು. ಮೂವತ್ತಕ್ಕೆ 2³⁰, ಅಂದರೆ 107 ಕೋಟಿಗೂ ಜಾಸ್ತಿ. ಅಷ್ಟನ್ನು ಸುಮ್ನೆ ಬರೆದಿಡೋದೇ ದೊಡ್ಡ ಕೆಲಸ, ಅಲ್ವಾ?

‘ನನಗೆ ಒಂದೇ ಉತ್ತರ ಸಾಕು’ ಅಂದರೂ ಕಷ್ಟ ತಪ್ಪದು. ಅ² = ಅ ಎಂದು ಬರೆದರೆ ಅ ಒಂದೋ 0, ಇಲ್ಲವೇ 1. ಇಷ್ಟರಿಂದಲೇ ‘ಹೌದು–ಇಲ್ಲ’ ಒಗಟುಗಳನ್ನೆಲ್ಲ ಸಮೀಕರಣಗಳಾಗಿ ಬರೆಯಬಹುದು. ಹಾಗಾಗಿ ಎನ್‌ಪಿ ವರ್ಗದ (ಉತ್ತರ ಕೊಟ್ಟರೆ ಅದು ಸರಿಯೇ ಎಂದು ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳ ಗುಂಪಿನ) ಅತಿ ಕಠಿಣ ಸಮಸ್ಯೆಗಳೂ ಇದರೊಳಗೆ ಅಡಗಿವೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಜಾಗ ಇದೇ.

ಬ್ರೂನೊ ಬುಖ್‌ಬೆರ್ಗರ್ 1965ರಲ್ಲಿ ಕೊಟ್ಟ ಗ್ರೋಬ್ನರ್ ಬೇಸಿಸ್ ಅಲ್ಗಾರಿದಮ್ (ಸಮೀಕರಣಗಳನ್ನು ಬಿಡಿಸಲು ಅನುಕೂಲವಾದ ರೂಪಕ್ಕೆ ತರುವ ವಿಧಾನ) ಇವತ್ತಿಗೂ ಈ ಕೆಲಸದ ಮುಖ್ಯ ಸಲಕರಣೆ. ಅದರ ಕೆಟ್ಟ ಪರಿಸ್ಥಿತಿಯಂತೂ ಭಯಂಕರ: ನಡುವೆ ಬರುವ ಡಿಗ್ರಿಗಳು ಘಾತದ ಮೇಲೆ ಘಾತ ಹಾಕಿದಷ್ಟು ಬೆಳೆಯಬಲ್ಲವು ಎಂದು ಮಾಯರ್ ಮತ್ತು ಮೆಯರ್ 1982ರಲ್ಲಿ ಮಾಡಿದ ಕೆಲಸದಿಂದ ಗೊತ್ತಾಯಿತು. ಪುಣ್ಯಕ್ಕೆ, ದಿನನಿತ್ಯ ಸಿಗುವ ಸಮೀಕರಣಗಳು ಸಾಮಾನ್ಯವಾಗಿ ಅಷ್ಟು ಕಾಡುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಸಂಮಿಶ್ರ ಸಂಖ್ಯೆಗಳಲ್ಲಿ (−1ರ ವರ್ಗಮೂಲವನ್ನೂ ಒಳಗೊಂಡ ಸಂಖ್ಯೆಗಳು) ಒಂದು ಅಂದಾಜು ಉತ್ತರವನ್ನು ಸರಾಸರಿಯಲ್ಲಿ ಬೇಗ ಹುಡುಕಬಹುದೇ ಎಂದು ಗಣಿತಜ್ಞ ಸ್ಟೀವ್ ಸ್ಮೇಲ್ 1998ರಲ್ಲಿ ಕೇಳಿದ್ದರು. ಗಣಿತಜ್ಞರಾದ ಬೆಲ್ಟ್ರಾನ್ ಮತ್ತು ಪಾರ್ದೊ ಲಾಟರಿ ಎತ್ತಿದ ಹಾಗೆ ಆರಂಭದ ಬಿಂದು ಆರಿಸಿ ದಾರಿ ತೋರಿಸಿದರು. ಪಿಯೆರ್ ಲೇರೆ ಆ ಲಾಟರಿಯೂ ಬೇಡ ಎಂದು ಸಾಧಿಸಿದರು. ಆದರೆ ಈ ‘ಸರಾಸರಿ’ ಅನ್ನೋದು ಗುಣಾಂಕಗಳನ್ನು ಯಾದೃಚ್ಛಿಕವಾಗಿ ಆರಿಸಿದಾಗಿನ ಮಾತು. ಅ² = ಅ ಎಂದು ಬೇಕಂತಲೇ ಕಟ್ಟಿದ ಒಗಟಿಗೆ ಆ ಭರವಸೆ ಸಿಗುವುದಿಲ್ಲ.