ಮುರಕಲ್ಲಿನ ಗೋಡೆಗೆ ಸಿಮೆಂಟ್ ಬೇಡ

ಬೆಂಗಳೂರಿನಲ್ಲಿ ನೆಲೆಸಿ ಮಂಗಳೂರು, ಬಸ್ರೂರು, ಹೊನ್ನಾವರದ ಕಡೆ ಹಿರಿಯರ ಮನೆ ಉಳಿಸಿಕೊಂಡವರು ದುರಸ್ತಿಗೆ ಇಲ್ಲಿನ ಕಂಟ್ರಾಕ್ಟರನ್ನೇ ಕರೆದೊಯ್ಯುವುದುಂಟು. ಇಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ ಅದರ ಮೂರು ಪಟ್ಟಿಗೂ ಮಿಕ್ಕಿ, ಜೊತೆಗೆ ಉಪ್ಪುಗಾಳಿ. ಇಲ್ಲಿ ತಾಳುವ ಕೆಲಸ ಅಲ್ಲಿ ತಾಳದು.

ಮೊದಲು ಕೆಡುವುದು ಗೋಡೆ. ಅಲ್ಲಿ ಗೋಡೆ ಕಟ್ಟುವ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಮೈತುಂಬ ತೂತು. ನೆಲದ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಆ ತೇವಕ್ಕೆ ದಾರಿ ಕೊಡುತ್ತಿತ್ತು. ಸಿಮೆಂಟ್ ಪ್ಲಾಸ್ಟರ್ ಬಳಿದು ಮೇಲೆ ಅಕ್ರಿಲಿಕ್ ಪೇಂಟ್ ಹೊಡೆದರೆ ನೀರು ಒಳಗೇ ಉಳಿದು, ಅದರಲ್ಲಿನ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಕಲ್ಲಿನಿಂದ ನೂಕುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಕೆತ್ತಿದರೆ ಹಿಂದಿನ ಕಲ್ಲು ಕೆಂಪು ಪುಡಿಯಾಗಿ ಉದುರುತ್ತದೆ.

ಆ ಪ್ಲಾಸ್ಟರನ್ನು ಉಳಿ-ಸುತ್ತಿಗೆಯಿಂದಲೇ ಬಿಡಿಸಬೇಕು. ಬ್ರೇಕರ್ ಮಷೀನು ಕಲ್ಲಿನ ಅಂಚನ್ನೂ ಕಿತ್ತು ತರುತ್ತದೆ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ. ತೊಳೆದರೆ ಮತ್ತೆ ಒಳಗಿಳಿಯುತ್ತದೆ. ಆಮೇಲೆ ಒಂದಿಡೀ ಬೇಸಿಗೆ ಗೋಡೆ ಬರಿಮೈಯಲ್ಲಿ ಆರಲಿ. ಮನೆಯವರು ಒಪ್ಪದಿರುವುದು ಇದನ್ನೇ, ಆದರೆ ಇದನ್ನು ಬಿಟ್ಟರೆ ಮುಂದಿನ ಖರ್ಚೆಲ್ಲ ದಂಡ. ಗಾರೆಗೆ ಸುಣ್ಣ 1, ಮರಳು 3. ಅರಳಿಸಿದ ಸುಣ್ಣ ಎರಡು ವಾರವಾದರೂ ನೀರಿನಡಿ ಇದ್ದಿರಬೇಕು, ಅಳಿವೆಯ ಉಪ್ಪು ಮರಳು ಕೂಡದು. ಗೋಡೆ ನೆನೆಸಿ, ಒಂದೊಂದು ಪದರ 10 ಮಿ.ಮೀ. ಮೀರದಂತೆ ಬಳಿದು, ಬಿಸಿಲಿಗೆ ಗೋಣಿ ಕಟ್ಟಿ ವಾರವಿಡೀ ನೀರು ಚಿಮುಕಿಸಿ. ಬೇಗ ಒಣಗಿದರೆ ಕೂದಲೆಳೆ ಬಿರುಕು ಖಂಡಿತ.

ಇನ್ನು ಮಾಡು, ಅಂದರೆ ಹಂಚಿನ ಛಾವಣಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇನ್ನೂ ಹಲವು ಕಾರ್ಖಾನೆಗಳು ಹುಟ್ಟಿದವು. ಒಬ್ಬರ ಹಂಚಿನ ತೋಡು ಇನ್ನೊಬ್ಬರದಕ್ಕೆ ಸರಿಯಾಗಿ ಕೂರುವುದಿಲ್ಲ. ಹಂಚಿನ ಅಡಿಯ ಅಚ್ಚು ನೋಡಿ ಬೇರ್ಪಡಿಸಿ, ಗಟ್ಟಿ ಹಳೆಯ ಹಂಚನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನು ಇನ್ನೊಂದಕ್ಕೆ ಹೊದೆಸಿ. 100 ಚದರಡಿಗೆ ಸುಮಾರು 150 ಹಂಚು ಬೇಕು. ಹಂಚು ಕೂರುವ ಮರದ ಪಟ್ಟಿಗಳಾದ ರೀಪಿನ ಅಂತರವನ್ನು ನಕ್ಷೆ ನೋಡಿ ಹೊಡೆಯದೆ, ಕೈಯಲ್ಲಿರುವ ಹಂಚನ್ನೇ ಇಟ್ಟು ಅಳೆಯಿರಿ. ಮೊಳೆ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅಂದಕ್ಕೆಂದು ಸೂರು ಕತ್ತರಿಸಬೇಡಿ. ಎರಡೂವರೆ ಅಡಿ ಚಾಚಿದ ಸೂರೇ ಗೋಡೆಯ ಕೊಡೆ. ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯೊಳಗೆ ಹಂಚು ಹೊದೆಸಿ ಮುಗಿಯದು ಅನ್ನಿಸಿದರೆ ಮಾಡು ಬಿಚ್ಚುವುದನ್ನು ದೀಪಾವಳಿಯ ಆಚೆಗೆ ತಳ್ಳಿ.