ತುರ್ತು ಪರಿಸ್ಥಿತಿಗೆ ಜೀಪಿನ ಕೇಸು

ಚಾರ್ಜ್‌ಶೀಟ್ ಕೈಗೆ ಬಂದ ಕೂಡಲೇ ನಾವು ಕ್ರಿಮಿನಲ್ ವಕೀಲರು ಮೊದಲು ನೋಡುವುದು ಯಾವ ಕಲಂ ಹಾಕಿದ್ದಾರೆ ಅಂತ. ನಡೆದದ್ದು ಒಂದು, ಹಾಕಿದ ಕಲಂ ಇನ್ನೊಂದು ಆಗಿದ್ದರೆ ಆ ಕೇಸು ನಿಲ್ಲುವುದು ಕಷ್ಟ. ಸೈಕಲ್ ಕದ್ದವನ ಕೇಸಿಗೂ ಇದೇ ಮಾತು, ಪ್ರಧಾನಿಯಾಗಿದ್ದವರ ಕೇಸಿಗೂ ಇದೇ ಮಾತು.

1977ರ ಅಕ್ಟೋಬರ್ 3ರಂದು ಸಿಬಿಐ ಇಂದಿರಾ ಗಾಂಧಿ ಅವರನ್ನು ಬಂಧಿಸಿತು. ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿ ಮುಗಿದು ಆರು ತಿಂಗಳಾಗಿತ್ತು. ಆ ಅವಧಿಯಲ್ಲಿ ಮೀಸಾ (ವಿಚಾರಣೆ ಇಲ್ಲದೆ ಕೂಡಿಹಾಕಲು ಬಿಡುತ್ತಿದ್ದ ಕಾಯ್ದೆ) ಮತ್ತು ಭಾರತ ರಕ್ಷಣಾ ನಿಯಮಗಳ ಅಡಿ ಲಕ್ಷಕ್ಕೂ ಜಾಸ್ತಿ ಜನ ಜೈಲು ಸೇರಿದ್ದರು. ಪತ್ರಿಕೆಗಳ ಬಾಯಿ ಕಟ್ಟಲಾಗಿತ್ತು. ಆದರೆ ಕೇಸಿನಲ್ಲಿ ಇದ್ದದ್ದೇನು? ಚುನಾವಣಾ ಪ್ರಚಾರಕ್ಕೆ ಜೀಪು ಪಡೆದದ್ದು, ಫ್ರೆಂಚ್ ಕಂಪನಿಯೊಂದಕ್ಕೆ ತೈಲದ ಗುತ್ತಿಗೆ ಕೊಟ್ಟದ್ದು. ಬಂಧನಕ್ಕೆ ಆಧಾರವಿಲ್ಲ ಎಂದು ಮರುದಿನವೇ ಮ್ಯಾಜಿಸ್ಟ್ರೇಟ್ ಬಿಟ್ಟು ಕಳಿಸಿದರು.

1977ರ ಚುನಾವಣೆಯಲ್ಲಿ ಇಂದಿರಾ ಅವರನ್ನು ಸೋಲಿಸಿ ಬಂದಿದ್ದ ಜನತಾ ಸರ್ಕಾರ ಅವಸರ ಮಾಡಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹಾಕಲು ಸರಿಯಾದ ಕಲಮೇ ಇರಲಿಲ್ಲ ಎನ್ನುವುದು ಇನ್ನರ್ಧ. ತುರ್ತು ಪರಿಸ್ಥಿತಿ ಘೋಷಣೆಗೆ ಸಂವಿಧಾನದ 352ನೇ ವಿಧಿ ಇತ್ತು. ರಾಷ್ಟ್ರಪತಿಗಳ ಸಹಿ ಇತ್ತು. ಸಂಪುಟಕ್ಕೆ ವಿಷಯ ಗೊತ್ತಾದದ್ದು ಸಹಿಯಾದ ಮೇಲೆ, ಮರುದಿನ ಬೆಳಿಗ್ಗೆ. ಅದಕ್ಕೂ ಆಗ ಅಡ್ಡಿ ಇರಲಿಲ್ಲ. ಬಂಧನಗಳನ್ನು ಪ್ರಶ್ನಿಸಲು ಹೋದವರಿಗೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಲ್ಲಿ ಬಾಗಿಲು ಮುಚ್ಚಿತು. ಒಪ್ಪದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಕಾಗದದ ಮೇಲೆ ಎಲ್ಲವೂ ನೆಟ್ಟಗಿತ್ತು.

ಹೆಚ್ಚು ಜನಕ್ಕೆ ನೆನಪಿಲ್ಲದ ಇನ್ನೊಂದು ಕಾಗದವೂ ಇದೆ. 1975ರ ಆಗಸ್ಟ್‌ನಲ್ಲಿ ರಾಜ್ಯಸಭೆ 41ನೇ ತಿದ್ದುಪಡಿ ಮಸೂದೆಯನ್ನು ಪಾಸು ಮಾಡಿತು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರಾಗಿ ಇದ್ದವರ ಮೇಲೆ, ಅಧಿಕಾರ ಬಿಟ್ಟ ಮೇಲೂ, ಯಾವ ಕ್ರಿಮಿನಲ್ ಕೇಸೂ ಹಾಕುವಂತಿಲ್ಲ ಎಂದಿತ್ತು ಅದರಲ್ಲಿ. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ. ಹೋಗಿದ್ದರೆ ಜೀಪಿನ ಕೇಸು ಕೂಡ ಇರುತ್ತಿರಲಿಲ್ಲ.

ಮುಂದಿನದು ನಮ್ಮ ಮಲೆನಾಡಿಗೆ ಸೇರಿದ ಕಥೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಲ್ಲಿ 1978ರ ನವೆಂಬರ್‌ನಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಕಾರಣ? ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟು ಸದನದ ಹಕ್ಕುಚ್ಯುತಿ ಮಾಡಿದರು ಅಂತ. ಮತ್ತೆ ಅದೇ ತಪ್ಪು, ಅಲ್ವಾ? ತುರ್ತು ಪರಿಸ್ಥಿತಿಯ ಕೇಸುಗಳನ್ನು ನಡೆಸಲು ವಿಶೇಷ ನ್ಯಾಯಾಲಯಗಳ ಕಾಯ್ದೆ ಬಂದದ್ದು 1979ರಲ್ಲಿ. 1980ರ ಜನವರಿಯಲ್ಲಿ ಅವರು ಮತ್ತೆ ಗೆದ್ದು ಬಂದರು, ಕೇಸುಗಳು ಬಿದ್ದುಹೋದವು.

ಜನರೇ 1977ರಲ್ಲಿ ಶಿಕ್ಷೆ ಕೊಟ್ಟರಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾರು ಆಳಬೇಕು ಎನ್ನುವುದನ್ನು ಮತದಾರರು ತೀರ್ಮಾನಿಸಲಿ. ಒಬ್ಬ ಮನುಷ್ಯನನ್ನು ಅನ್ಯಾಯವಾಗಿ ಕೂಡಿಹಾಕಿದ್ದಕ್ಕೆ ಯಾರು ಹೊಣೆ ಎನ್ನುವುದು ಮತ ಎಣಿಕೆಯ ವಿಷಯವಲ್ಲ. ನಟಿ ಸ್ನೇಹಲತಾ ರೆಡ್ಡಿ ಅವರನ್ನು ತೆಗೆದುಕೊಳ್ಳಿ. 1976ರ ಮೇ ತಿಂಗಳಲ್ಲಿ ಬಂಧನ. ಆಸ್ತಮಾ ಇದ್ದ ಹೆಂಗಸು ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಕಳೆದರು. ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. 1977ರಲ್ಲಿ ಇಂದಿರಾ ಅವರು ಕಂಡ ರಾಯ್‌ಬರೇಲಿಯ ಸೋಲಾಗಲಿ ಚಿಕ್ಕಮಗಳೂರಿನ ಗೆಲುವಾಗಲಿ ಆ ಸಾವಿಗೆ ಉತ್ತರ ಹೇಗಾದೀತು?

ಬ್ರೆಜಿಲ್ ಬೇರೆ ದಾರಿ ಹಿಡಿಯಿತು. ಪ್ರಜಾಪ್ರಭುತ್ವದ ವ್ಯವಸ್ಥೆಯನ್ನು ಹಿಂಸೆ ಅಥವಾ ಗಂಭೀರ ಬೆದರಿಕೆಯಿಂದ ಅಳಿಸಲು ಯತ್ನಿಸುವುದೇ ಅಪರಾಧ ಎಂದು 2021ರಲ್ಲಿ ಅಲ್ಲಿನ ದಂಡ ಸಂಹಿತೆಗೆ ಹೊಸ ಕಲಂ ಸೇರಿತು. ಯತ್ನವೇ ಅಪರಾಧ, ಏಕೆಂದರೆ ಯತ್ನ ಗೆದ್ದರೆ ವಿಚಾರಣೆ ಮಾಡಲು ಕೋರ್ಟೇ ಉಳಿಯುವುದಿಲ್ಲ. ಆ ಕಾನೂನಿಗೆ ಸಹಿ ಹಾಕಿದ್ದು ಆಗಿನ ಅಧ್ಯಕ್ಷ ಬೊಲ್ಸೊನಾರೊ. 2022ರ ಚುನಾವಣೆ ಸೋತ ಮೇಲೂ ಅಧಿಕಾರದಲ್ಲಿ ಉಳಿಯಲು ಸಂಚು ಮಾಡಿದ್ದಕ್ಕೆ ಅದೇ ಕಾನೂನಿನ ಕಲಮುಗಳೂ ಸೇರಿ ಅವರಿಗೆ 2025ರ ಸೆಪ್ಟೆಂಬರ್‌ನಲ್ಲಿ 27 ವರ್ಷ 3 ತಿಂಗಳ ಶಿಕ್ಷೆಯಾಯಿತು. ಜೀಪು ಹುಡುಕುವ ಗತಿ ಅಲ್ಲಿನ ಪ್ರಾಸಿಕ್ಯೂಟರ್‌ಗಳಿಗೆ ಬರಲಿಲ್ಲ. ಇಂಥ ಕಲಂ ವಿರೋಧಿಗಳ ಮೇಲೇ ತಿರುಗೀತು ಎನ್ನುವ ಭಯ ನ್ಯಾಯವಾದದ್ದೇ. ಟೀಕೆ, ಪತ್ರಿಕೋದ್ಯಮ, ಮೆರವಣಿಗೆ, ಮುಷ್ಕರ ಇದರಡಿ ಅಪರಾಧವಲ್ಲ ಎಂದು ಬ್ರೆಜಿಲ್ ಅದೇ ಕಾನೂನಿನಲ್ಲಿ ಬರೆದಿಟ್ಟಿದೆ.

ನಾವು ಮಾಡಿದ್ದು 44ನೇ ತಿದ್ದುಪಡಿ. ತುರ್ತು ಪರಿಸ್ಥಿತಿ ಘೋಷಿಸಲು ಆಧಾರವಾಗಿದ್ದ 'ಆಂತರಿಕ ಗಲಭೆ' ಹೋಗಿ 'ಸಶಸ್ತ್ರ ಬಂಡಾಯ' ಬಂತು, ಸಂಪುಟದ ಲಿಖಿತ ಸಲಹೆ ಕಡ್ಡಾಯವಾಯಿತು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ ಎಂದಾಯಿತು. ದೊಡ್ಡ ಕೆಲಸವೇ. ಆದರೆ ಅದು ಬಾಗಿಲಿಗೆ ಹಾಕಿದ ಬೀಗ. ಬೀಗ ಒಡೆದವರಿಗೆ ಏನು ಎಂದು ಅದು ಹೇಳುವುದಿಲ್ಲ.

ಬ್ರೆಜಿಲ್‌ನ ಕಲಮನ್ನು ಹಾಗೇ ತಂದರೂ ನಮಗೆ ಸಾಲದು. ಅದಕ್ಕೆ ಹಿಂಸೆ ಅಥವಾ ಬೆದರಿಕೆ ಬೇಕು, 1975ರಲ್ಲಿ ಕೆಲಸ ನಡೆದದ್ದು ಪೆನ್ನಿನಿಂದ. ನಮ್ಮಲ್ಲಿ ಹತ್ತಿರ ಬರುವ ಕಲಂ ಒಂದಿದೆ. ಕಾನೂನಿಗೆ ವಿರುದ್ಧ ಎಂದು ಗೊತ್ತಿದ್ದೂ ದುರುದ್ದೇಶದಿಂದ ಜನರನ್ನು ಕೂಡಿಹಾಕುವ ಅಧಿಕಾರಸ್ಥರಿಗೆ 7 ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ 220, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 258. ಕೈಯಾರೆ ಕೂಡಿಹಾಕಿದ ಅಧಿಕಾರಿಯ ಜೊತೆಗೆ, ಕೂಡಿಹಾಕಿ ಎಂದು ಮೇಲಿನಿಂದ ಹೇಳಿದವರನ್ನೂ ಅದು ನೇರವಾಗಿ ಹಿಡಿಯುವಂತೆ ತಿದ್ದಬೇಕು. ಇನ್ನೊಂದು, ಅಧಿಕಾರದಲ್ಲಿದ್ದಾಗ ಮಾಡಿದ ಕೆಲಸಕ್ಕೆ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು ಎಂಬ ನಿಯಮ. ಅವರದೇ ಸರ್ಕಾರ ಇದ್ದರೆ ಅನುಮತಿ ಸಿಗುವುದಿಲ್ಲ, ವಿರೋಧಿಗಳ ಸರ್ಕಾರ ಬಂದರೆ ಸೇಡು ಎನ್ನುತ್ತಾರೆ. ಇಂಥ ಕೇಸುಗಳಲ್ಲಾದರೂ ಆ ಅನುಮತಿಯ ತೀರ್ಮಾನವನ್ನು ಸರ್ಕಾರದ ಕೈಯಿಂದ ತೆಗೆದು ಹೈಕೋರ್ಟ್ ಪೀಠಕ್ಕೆ ಒಪ್ಪಿಸಬೇಕು.